ಒಂದು ಚೂರು ಬೇಸೂರು

ಹಳೆ ಸೀರೆಯ ತುಂಡಿನಿಂದ ಭಜನೆಯ ಹಾರ್ಮೋನಿಯಂ ಪೇಟಿ ಒರೆಸುವುದು ಸೋಮವಾರದ ನನ್ನ ಕೆಲಸ. ನಮ್ಮ ಮಟಕಿ ಊರಲ್ಲಿ ನನ್ನಷ್ಟು ಎತ್ತರಕ್ಕೆ ದನಿ ಏರಿಸುವ ಇನ್ನೊಬ್ಬ ಮುದುಕನಿದ್ದರೆ ಕರೆತನ್ನಿ, ರುಮಾಲು ಬಿಚ್ಚಿ ಅವನಿಗೇ ಸುತ್ತುತ್ತೇನೆ. ಅಂಥ ನನಗೆ, ಹೈಸ್ಕೂಲಿನಲ್ಲಿ ಸಂಗೀತ ಕಲಿಸುವ ಸೊಸೆ ಸುವರ್ಣಾ ಚಹಾ ಕೊಡುತ್ತ ಅಂದಳು: “ಸಿಟ್ಟಿಗೇಳಬ್ಯಾಡ್ರಿ ಮಾವಾರ, ನೀವು ಬೇಸೂರ ಹಾಡಾಕತ್ತೀರಿ. ಈ ಸೋಮವಾರ ಮುಂದ ನಾ ಕೂಡ್ತೇನಿ, ನೀವು ಹಿಮ್ಮೇಳಕ್ಕ ಬರ್ರಿ.”

ಹಳೆ ಪೇಟಿಯ ಗಾಳಿಚೀಲವನ್ನು ಇಲಿ ಕಡಿದಿತ್ತು. ಅವಳೇ ಹೊಸ ಪೇಟಿ ತಂದಿದ್ದಳು. ಅದರೊಂದಿಗೆ ಹಾಡಹೊರಟರೆ ಗಾಂಧಾರ ಸ್ವರ ಬಂದಾಗಲೆಲ್ಲ ನಾನು ಎಡವುತ್ತಿದ್ದೆ, ನನ್ನ ಬೆನ್ನಿಗೆ ಇಡೀ ಮೇಳವೂ ಎಡವುತ್ತಿತ್ತು.

ಚಹಾ ಆರಿತು, ನಾನು ಬೇಸೂರು ಎಂಬ ಆ ಮಾತನ್ನೇ ಅಗಿಯುತ್ತ ಕೂತೆ. ನಿಘಂಟಿನ ಪಂಡಿತರು ಅಪಸ್ವರ ಅನ್ನುತ್ತಾರೆ, ಅಪಶ್ರುತಿ ಅನ್ನುತ್ತಾರೆ. ನಮ್ಮ ಕಡೆ ಬೇಸೂರು. ಎತ್ತಿನ ಜೋಡಿ ಹೊಂದದಿದ್ದರೂ ಬೇಸೂರು, ಅತ್ತೆ ಸೊಸೆ ಮಾತು ಬಿಟ್ಟರೂ ಬೇಸೂರು. ಅದರ ‘ಬೇ’ ಪಾರಸಿಯಿಂದ ಬಂದದ್ದು, ‘ಸೂರು’ ಸಂಸ್ಕೃತದ ಸ್ವರದ ಮೊಮ್ಮಗು. ಎಲ್ಲಿಂದಲೋ ಬಂದ ಇಬ್ಬರು ಜಗಳವಿಲ್ಲದೆ ಒಂದಾಗಿ, ಹೊಂದಾಣಿಕೆ ಇಲ್ಲ ಎಂದು ಸಾರುತ್ತಾರಲ್ಲ, ಈ ಚೇಷ್ಟೆಯ ಮುಂದೆ ನಮ್ಮದೇನು ಮಹಾ?

ಆಗ ಹೊಳೆಯಿತು. ಹಳೆ ಪೇಟಿಯ ಗಾಂಧಾರ ಮೊದಲಿಂದಲೂ ತುಸು ಇಳಿದೇ ಇತ್ತು. ನಮ್ಮಪ್ಪ ಅದಕ್ಕೇ ದನಿ ಕೂಡಿಸಿದ, ನಾನೂ ಕೂಡಿಸಿದೆ, ಊರೇ ಕೂಡಿಸಿತು. ಎಲ್ಲರೂ ಒಟ್ಟಾಗಿ ತಪ್ಪಿದರೆ ಅದು ಸೂರೋ ಬೇಸೂರೋ? ನೀವು ತಿಳಿದವರು, ಹೇಳಿ. ನನಗಂತೂ ತಲೆ ಕೆಟ್ಟಿತು.

ಕೈ ಮಾತ್ರ ಕೆಡಲಿಲ್ಲ. ಸೊಸೆ ಶಾಲೆಗೆ ಹೋದೊಡನೆ ಹೊಸ ಪೇಟಿ ಬಿಚ್ಚಿ, ಗಾಂಧಾರ ನುಡಿಸುವ ಹಿತ್ತಾಳೆ ನಾಲಿಗೆಯ ತುದಿಗೆ, ಚಪ್ಪಲಿ ಹೊಲಿಯುವ ದಾರಕ್ಕೆ ತಿಕ್ಕುವ ಮೇಣವನ್ನು ಸಾಸಿವೆಯಷ್ಟು ಅಂಟಿಸಿದೆ. ಭಾರಕ್ಕೆ ಸ್ವರ ಇಳಿಯಿತು.

ಸೋಮವಾರದ ಭಜನೆಗೆ ಸುವರ್ಣಾ ಪೇಟಿ ಹಿಡಿದು ಮುಂದೆ ಕೂತಳು. ಹಿಂದಿನಿಂದ ಮೇಳ ಎದೆಬಿಚ್ಚಿ ಹಾಡಿತು, ಎಡವಿದವಳು ಅವಳೊಬ್ಬಳೇ. ತಬಲಾದ ಶರಣಪ್ಪ ಕಣ್ಣರಳಿಸಿದ: “ಯಾಕ ಟೀಚರಮ್ಮ, ಇವತ್ತ ನೀವಽ ಬೇಸೂರ?” ಅವಳು ಪೇಟಿ ನೋಡಿದಳು, ನನ್ನನ್ನು ನೋಡಿದಳು. ನಾನು ಸೂರು ನೋಡುತ್ತಿದ್ದೆ. ಗೆದ್ದೆನೆಂದು ಹಿಗ್ಗಲು ಯಾಕೋ ಆಗಲಿಲ್ಲ. ಅವಳ ಮುಖ ಅಷ್ಟು ಸಣ್ಣದಾಗಿತ್ತು.

ಮರುದಿನ ಚಹಾದ ಬಟ್ಟಲಿನ ಪಕ್ಕದಲ್ಲಿ ಮೇಣದ ಉಂಡೆಯಿತ್ತು. ಸಿಕ್ಕಿಬಿದ್ದೆನೆಂದು ಮೀಸೆ ಕೆಳಗಾಯಿತು.

“ಮಾವಾರ, ಕೆಳಗಿನ ಸಪ್ತಕದ ಗಾಂಧಾರಕ್ಕಷ್ಟ ಹಚ್ಚೀರಿ. ಮ್ಯಾಲಿಂದು ಮರ್ತೀರಿ. ನಡ್ರಿ, ಕೂಡೇ ಹಚ್ಚೂನು. ಮುಂದಿನ ಸೋಮವಾರ ನಿಮ್ಮ ಬಾಜೂಕ ಕೂತು ಕಲೀತೇನಿ.”

ಪೇಟಿ ಒರೆಸುವ ಸೀರೆಯ ತುಂಡಿನ ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು.