ಅದೇ ಬೆಂಚು, ಅದೇ ಮುಸ್ಸಂಜೆ

ಕಣಿವೆಯಾಚೆ ಒಂದು ಕಲ್ಲು ಉರುಳಿತು. ಮೊದಲು ಟಕ್ ಎಂದಿತು, ಆಮೇಲೆ ಪುಡಿಗಲ್ಲು ಸರಸರನೆ ಜಾರಿದ ಸದ್ದು, ಆಮೇಲೆ ಏನೂ ಇಲ್ಲ. ಜೀಟಾಳ ಕೈ ತಾನಾಗಿಯೇ ಎದೆಯ ಮೇಲಿನ ದುರ್ಬೀನಿಗೆ ಹೋಯಿತು. ಹಿಮ ಕರಗಿ ತಾನೇ ಬೀಳುವ ಕಲ್ಲಿನ ಸದ್ದು ಬೇರೆ, ಕಾಡುಮೇಕೆಯ ಗೊರಸು ತಾಗಿ ಬೀಳುವ ಕಲ್ಲಿನ ಸದ್ದು ಬೇರೆ. ಮೂವತ್ತೊಂದು ವರ್ಷದಿಂದ ಈ ಬೆಟ್ಟದಲ್ಲಿ ಬೇಟೆಗಾರರಿಗೆ ದಾರಿ ತೋರಿಸುತ್ತಿದ್ದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಪಕ್ಕದಲ್ಲಿ ಎಗ್ಬರ್ಟ್ ಕೂತು ಸಾಸೇಜು ಕೊಯ್ಯುತ್ತಿದ್ದ. ನಗರದಲ್ಲಿ ಹಲ್ಲಿನ ಡಾಕ್ಟರು. ಇಲ್ಲಿ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದವನು, ಜೀಟಾಳಿಗೆ ಸಂಬಳ ಕೊಡುವವನು. ಮರಗಳ ಸಾಲು ದಾಟಿ ಮೇಲೆ ಬಂದರೆ ಆಸ್ಟ್ರಿಯಾದ ಈ ಟಿರೋಲ್ ಸೀಮೆಯವರು ಯಾರಿಗೂ ‘ನೀವು’ ಅನ್ನುವುದಿಲ್ಲ. ಎಗ್ಬರ್ಟನಿಗೂ ‘ನೀನು’ ಅನ್ನಿಸುವ ಅಪ್ಪನ ಕಾಲದ ಆ ರೂಢಿ ಈ ಚಳಿಗಾಲವೆಲ್ಲ ಅವಳ ಗಂಟಲಿಗೆ ಮುಳ್ಳಾಗಿತ್ತು.

ನಾಳೆ ಕೆಳಗೆ ಊರಿನ ಸಭಾಂಗಣದಲ್ಲಿ ಕೊಂಬುಗಳ ಪ್ರದರ್ಶನ. ಕಳೆದ ವರ್ಷ ಹೊಡೆದ ಪ್ರತಿಯೊಂದು ಪ್ರಾಣಿಯ ಕೊಂಬನ್ನೂ ಹಲಗೆಗೆ ಬಿಗಿದು ಗೋಡೆಗೆ ತೂಗುಹಾಕುತ್ತಾರೆ. ಮರಿಯಿರುವ ತಾಯಿಯನ್ನೋ ಹೊಡೆಯಬಾರದ ಇನ್ನೊಂದನ್ನೋ ಹೊಡೆದಿದ್ದರೆ ಅದಕ್ಕೊಂದು ಕೆಂಪು ಚುಕ್ಕೆ. ತಪ್ಪು ಹೊಡೆದವರದೋ, ದಾರಿ ತೋರಿಸಿದವರದೋ ಎಂದು ಸಮಿತಿ ವಿಚಾರಿಸಿ ಕೆಳಗೆ ಹೆಸರು ಬರೆಯುತ್ತದೆ. ಬಿಯರ್ ಹಿಡಿದ ಇಡೀ ಕಣಿವೆ ಅದನ್ನು ಓದುತ್ತಾ ಹಾದುಹೋಗುತ್ತದೆ. ಜೀಟಾಳ ಹೆಸರಿಗೆ ಇದುವರೆಗೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಅವಳಪ್ಪ ಕಾಸಿಯನ್‌ನ ಹೆಸರಿಗೂ ಬಿದ್ದಿರಲಿಲ್ಲ.

ಅಕ್ಟೋಬರಿನಲ್ಲಿ ಇದೇ ಬೆಂಚು, ಇದೇ ಹೊತ್ತು. ಎದುರಿನ ಹುಲ್ಲಿನ ದಿಣ್ಣೆಯ ಮೇಲೆ ಹೆಣ್ಣು ಮೇಕೆ. ಅದರ ಹೊಟ್ಟೆಯ ಹಿಂದೆ ಕಂದು ನೆರಳು, ಕಿವಿಯೋ ಕಲ್ಲೋ. “ತಡಿ, ಮರಿ ಇರ್ಬೋದು” ಅಂದಿದ್ದಳು. ದುರ್ಬೀನಿನಲ್ಲಿ ನೋಡುತ್ತಿದ್ದ ಎಗ್ಬರ್ಟ್ ಅದನ್ನಿಳಿಸಿ ಕೋವಿ ಎತ್ತಿದ್ದ, ಅವಳ ಮಾತು ಮುಗಿಯುವ ಮೊದಲೇ ಗುಂಡು ಹಾರಿತ್ತು. ಹತ್ತಿ ಹೋಗಿ ನೋಡಿದರೆ ಮೇಕೆಯ ಕೆಚ್ಚಲಲ್ಲಿ ಹಾಲಿತ್ತು. ಬೇಟೆಯವರ ರೂಢಿಯಂತೆ ಸತ್ತ ಬಾಯಿಗೆ ಕೊನೆಯ ತುತ್ತೆಂದು ಹಸಿರು ಕಡ್ಡಿಯಿಟ್ಟು ಟೋಪಿ ತೆಗೆದವಳು ಅವಳು. ಅವನು ಫೋಟೋ ತೆಗೆಯುತ್ತಿದ್ದ. “ಕತ್ತಲಾಗಿತ್ತು ಕಣೇ, ಮರಿ ಕಾಣ್ಲಿಲ್ಲ. ನೀನು ತಡಿ ಅಂದಿದ್ದೂ ಕೇಳಿಸ್ಲಿಲ್ಲ.”

ಆ ಮರಿ ಹಿಂಡಿನ ಹಿಂದೆ ಹತ್ತು ಹೆಜ್ಜೆ ದೂರದಲ್ಲೇ ಓಡಾಡಿಕೊಂಡಿತ್ತು. ದಿನವೂ ಅದನ್ನು ಹುಡುಕಿ ನೋಡುತ್ತಿದ್ದಳು. ಜನವರಿಯ ದೊಡ್ಡ ಹಿಮ ಬಿದ್ದ ಮೇಲೆ ಹಿಂಡು ಬಂತು, ಮರಿ ಬರಲಿಲ್ಲ. ಸಿಟ್ಟು ಅಂದಿನಿಂದಲೂ ಇತ್ತು, ಅದಕ್ಕೆ ಕೂರಲು ಜಾಗವಿರಲಿಲ್ಲ. ಅವನ ಮೇಲೆ ಕೂತರೆ, ನಿಜಕ್ಕೂ ಕಾಣಲಿಲ್ಲವೇನೋ ಎಂದು ಎದ್ದುಬರುತ್ತಿತ್ತು. ತನ್ನ ಮೇಲೆ ಕೂತರೆ ಏಳುತ್ತಲೇ ಇರಲಿಲ್ಲ. ಇನ್ನೂ ಒಳ್ಳೆಯ ದುರ್ಬೀನು ಇದ್ದಿದ್ದರೆ ‘ಇರ್ಬೋದು’ ಅನ್ನದೆ ‘ಇದೆ’ ಅನ್ನುತ್ತಿದ್ದೆನೇ?

ತನ್ನದನ್ನು ಅವಳು ಕೊಂಡು ಒಂಬತ್ತು ವರ್ಷವಾಗಿತ್ತು. ಅಂಗಡಿಯ ಪಿರ್ಮಿನ್ ಮಧ್ಯಮ ಬೆಲೆಯದನ್ನೂ ದುಬಾರಿಯದನ್ನೂ ಅವಳ ಕೈಗಿಟ್ಟು ಸಂಜೆಯವರೆಗೂ ಕಾಯಿಸಿದ್ದ. “ಹಗಲಲ್ಲಿ ಎರಡೂ ಒಂದೇ ಕಣಕ್ಕ. ಈಗ ನೋಡು.” ಚರ್ಚಿನ ಗಡಿಯಾರ ಒಂದರಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ಮೇಲೂ ಇನ್ನೊಂದರಲ್ಲಿ ಮುಳ್ಳುಗಳು ಕಾಣುತ್ತಿದ್ದವು. ಕಾಲು ಗಂಟೆಯ ಬೆಳಕು ಹೆಚ್ಚು, ಬೆಲೆ ನಾಲ್ಕು ಪಟ್ಟು. ಜೊತೆಗೆ ಬಂದಿದ್ದ ಅಪ್ಪ, “ಆ ಕಾಲು ಗಂಟೇಲಿ ಬೇಟೆಯವನು ಮನೆ ಕಡೆ ಇಳೀತಿರ್ಬೇಕು” ಅಂದ. ಅವಳು ಮಧ್ಯಮದ್ದನ್ನೇ ತಂದಳು. ಆಗ ಅವಳಿಗೆ ನಲವತ್ತೈದು. ಈಗ ಕಣ್ಣು ಸಂಜೆಗೆ ಮೊದಲೇ ಸೋಲುತ್ತಿತ್ತು, ದುಬಾರಿಯದು ಬೇಕು ಅನ್ನುವ ಆಸೆ ಒಳಗೊಳಗೇ ಬೆಳೆದಿತ್ತು.

ಎಗ್ಬರ್ಟ್ ಚಾಕು ಒರೆಸಿಕೊಂಡು ಕೊರಳಿನ ದುಬಾರಿ ದುರ್ಬೀನು ತೆಗೆದ. “ತಗೋ. ನಂಗೆ ಹೊಸದು ಬರ್ತಿದೆ, ದೂರಾನೂ ಅಳೆಯುತ್ತಂತೆ. ಇದು ನಿಂಗೆ.”

“ಸುಮ್ನೇನಾ?”

“ಸುಮ್ನೇ. ನಾಳೆ ಸಮಿತಿಯವ್ರು ಕೇಳಿದ್ರೆ ‘ನಾನೇ ಹೊಡಿ ಅಂದೆ, ನನ್ನ ದುರ್ಬೀನು ಹಳೇದು, ಮರಿ ಕಾಣ್ಲಿಲ್ಲ’ ಅಂದ್ಬಿಡು. ಮೂವತ್ತು ವರ್ಷಕ್ಕೆ ಒಂದು ಚುಕ್ಕೆ, ಏನ್ ಮಹಾ? ನನ್ನ ಹೆಸರಿಗೆ ಬಿದ್ರೆ ಎರಡನೇದಾಗತ್ತೆ, ಗುತ್ತಿಗೆ ಮುಂದುವರಿಸೋಕೆ ತಕರಾರು ತೆಗೀತಾರೆ. ನಾನು ಹೋದ್ರೆ ನಿನ್ನ ಕೆಲ್ಸಾನೂ ಹೋಗತ್ತೆ ಅಲ್ವಾ?”

ಅವಳು ತನ್ನ ದುರ್ಬೀನನ್ನು ಕಣ್ಣಿಗೆ ಏರಿಸಿದಳು. ಕಲ್ಲು ಉರುಳಿದ ಕಡೆ, ಅದೇ ದಿಣ್ಣೆಯ ಮೇಲೆ ಒಂದು ಹೆಣ್ಣು ಮೇಕೆ. ಹೊಟ್ಟೆಯ ಹಿಂದೆ ಕಂದು ನೆರಳು. ಕಿವಿಯೋ ಕಲ್ಲೋ. ಅದನ್ನು ಇಳಿಸಿ ಅವನದನ್ನು ಎತ್ತಿದಳು.

ಹೋದ ವರ್ಷದ ಮರಿ, ಬೇರೆ ಯಾವುದೋ ತಾಯಿಯದು. ಕಿರುಬೆರಳಿನಷ್ಟು ಕೊಂಬು. ಕಿವಿಯೊಳಗಿನ ಬಿಳಿ ಕೂದಲು. ಅದು ಮೆಲುಕು ಹಾಕುವಾಗ ದವಡೆ ಓರೆಯಾಗಿ ಆಡುತ್ತಿತ್ತು.

“ಅವತ್ತು ನಿನ್ನ ಕೊರಳಲ್ಲಿ ಇದೇ ತಾನೆ ಇದ್ದಿದ್ದು?”

“ಇದೇ. ಆರು ವರ್ಷದಿಂದ ಇದೇ. ಹೆಂಗಿದೆ? ಇಷ್ಟು ಕತ್ತಲಲ್ಲೂ ಮುಖದ ಕೂದಲು ಎಣಿಸ್ಬೋದು.”

“ಎಣಿಸ್ಬೋದು” ಅಂದಳು ಜೀಟಾ.

ಐದು ತಿಂಗಳು ಅಲೆದಾಡಿದ ಸಿಟ್ಟಿಗೆ ಕೊನೆಗೂ ಕೂರುವ ಜಾಗ ಸಿಕ್ಕಿತ್ತು. ಆದರೂ ಅವಳು ಮಸೂರಗಳಿಗೆ ಒಂದೊಂದಾಗಿ ಮುಚ್ಚಳ ಹಾಕಿ, ಪಟ್ಟಿ ಸುತ್ತಿ, ಸಾಸೇಜಿನ ಜಿಡ್ಡು ತಾಗದಂತೆ ಅದನ್ನು ಬೆಂಚಿನ ತುದಿಗಿಟ್ಟಳು. ಒಳ್ಳೆಯ ವಸ್ತು. ಅದು ಸುಳ್ಳು ಹೇಳಿರಲಿಲ್ಲ.

“ನಿಮಗೆ ಮರಿ ಕಂಡಿತ್ತು, ಡಾಕ್ಟ್ರೇ.”

“ಇದೇನಿದು, ಬೆಟ್ಟದ ಮೇಲೆ ನೀವು ಗೀವು?” ಅವನು ನಕ್ಕ.

“ನನ್ನ ಅಗ್ಗದ್ರಲ್ಲಿ ನೆರಳು ಕಾಣ್ತು, ತಡಿ ಅಂದೆ. ನಿಮ್ಮದ್ರಲ್ಲಿ ಕಿವಿ ಕಾಣ್ತು, ಕೊಂಬು ಕಾಣ್ತು. ನೋಡ್ಕೊಂಡೇ ಹೊಡೆದ್ರಿ. ಆಮೇಲೆ ನಾನು ಐದು ತಿಂಗಳು ನನ್ನ ಕಣ್ಣನ್ನೇ ಬೈಕೊಂಡೆ.”

ನಗು ಅವನ ಬಾಯಲ್ಲಿ ಅರ್ಧಕ್ಕೇ ನಿಂತಿತು. “ಎದುರು ಬೆಟ್ಟದಲ್ಲೇ ದೊಡ್ಡ ಹೆಣ್ಣು ಅದು, ಮತ್ತೆ ಸಿಗ್ತಿತ್ತಾ? ಒಂದು ಮರಿಗೋಸ್ಕರ… ನೋಡು ಜೀಟಾ, ಕೂತ್ಕೋ. ಸಮಿತಿ ಮುಂದೆ ಯಾರ ಮಾತು ನಡೆಯುತ್ತೆ ಅಂತ ನಿಂಗೂ ಗೊತ್ತು. ನೀನಿರೋ ಮನೆ ಗುತ್ತಿಗೆ ಜೊತೆಗೇ ಬಂದಿದ್ದು, ಅದನ್ನೂ ಸ್ವಲ್ಪ…”

ಅವಳು ಚೀಲ ಬೆನ್ನಿಗೇರಿಸಿಕೊಂಡು ಕೋಲು ಕೈಗೆ ತೆಗೆದುಕೊಂಡಳು. ದಿಣ್ಣೆಯ ಮೇಲೆ ಈಗ ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅಪ್ಪ ಮನೆ ಕಡೆ ಇಳಿಯುತ್ತಿದ್ದ ಹೊತ್ತು.

“ಸಭಾಂಗಣದ ಬಾಗಿಲು ಎಂಟಕ್ಕೆ ತೆಗೀತಾರೆ. ನಾನು ಏಳೂವರೆಗೇ ಇರ್ತೀನಿ.”

“ಅಲ್ಲಿ ಏನಂತ ಹೇಳ್ತೀಯಾ? ಇಲ್ಲಿ ಕೇಳು, ಮೊದ್ಲು ನಾನು ಹೇಳೋದನ್ನ…”

ಅಷ್ಟು ಹೊತ್ತಿಗೆ ಅವಳು ಮೊದಲ ತಿರುವು ಇಳಿದಾಗಿತ್ತು.