ರಸ್ತೆಯಲ್ಲಿ ಒಂಟಿ

ಆಗ ನನಗೆ ಎಪ್ಪತ್ತು ದಾಟಿತ್ತು. ಮೂರು ವರ್ಷದ ಹಿಂದಿನ ಮಾತು. ಪಾಳ್ಯದ ಕಡೆಯಿಂದ ನಮ್ಮೂರಿಗೆ ಬರುತ್ತಿದ್ದ ಬಸ್ಸು, ಮೋರಿ ಕುಸಿದ ಮೇಲೆ ಕೆಳಗಿನ ಕ್ರಾಸಿನಲ್ಲೇ ತಿರುಗಿಕೊಂಡು ಹೋಗತೊಡಗಿತ್ತು. ಮೋರಿ ರಿಪೇರಿಯಾಯಿತು. ಬಸ್ಸು ಮಾತ್ರ ಮೇಲಕ್ಕೆ ಬರಲಿಲ್ಲ. ಆಲೂರಿನ ಸಂತೆಗೆ ಸೊಪ್ಪಿನ ಕುಕ್ಕೆ ಹೊತ್ತು ಕ್ರಾಸಿನವರೆಗೂ ಆ ಏರು ಇಳಿಯುವವಳು ನಾನು; ಮಂಡಿ ಎರಡೂ ಹೋಗಿವೆ. ನನಗೆ ಬೇಕಾಗಿದ್ದದ್ದು ಬಸ್ಸು, ಬೇರೇನೂ ಅಲ್ಲ.

ಅದೇ ವರ್ಷ ಹೈಸ್ಕೂಲಿನ ಮೇಷ್ಟ್ರು ಮಾಧ್ಯಮ ಸಾಕ್ಷರತೆ ಅಂತ ಹೊಸ ಪಾಠ ಶುರು ಮಾಡಿದ್ದರು. ಕೂಡಿಸಿ ಕೂಡಿಸಿ ಓದುವ ನನಗೆ, ಮೊಬೈಲು ನೋಡುವುದಕ್ಕೂ ಅಕ್ಷರಾಭ್ಯಾಸ ಬೇಕೆಂದು ತಿಳಿದದ್ದು ಆಗಲೇ. ಅದರಲ್ಲಿ ಏನೇ ಬರಲಿ, ಯಾರು ಹೇಳಿದರು, ಯಾರು ಕಂಡರು ಎಂದು ಕೇಳಿ ಆಮೇಲೆ ಮುಂದಕ್ಕೆ ಕಳಿಸಬೇಕಂತೆ. ಊರಿಗೆ ಉಪಕಾರವಾಗುವ ವಿಡಿಯೋವನ್ನೂ ಮಕ್ಕಳೇ ಮಾಡಬೇಕಂತೆ. ಬಸ್ಸಿನ ವಿಷಯ ಆರಿಸಿಕೊಂಡು ಮೇಷ್ಟ್ರು ಮೂವರು ಹುಡುಗಿಯರ ಜೊತೆ ನಮ್ಮ ಮನೆಗೆ ಬಂದರು.

“ಅಜ್ಜಿ, ಸ್ವಲ್ಪ ಅಳ್ತೀರಾ?” ಎಂದರು ಮೇಷ್ಟ್ರು.

“ಯಾಕಳ್ಲಿ? ಯಾರ್ ಸತ್ತವ್ರೆ?”

“ನೋಡ್ದೋರ ಮನಸ್ಸು ಕರಗ್ಬೇಕಲ್ಲ.”

“ಮನಸ್ ಕರಗಿಸ್ಕಂಡ್ ಏನ್ಮಾಡ್ಲಿ ಮಾರಾಯ, ನಂಗೆ ಬಸ್ ಬೇಕು.”

ಸೊಸೆ ಕಾಫಿ ತಂದಳು. ಮೇಷ್ಟ್ರು ಅದನ್ನು ಕುಡಿದು, ಅವಳಿಗೆ ಒಳಗೇ ಇರಲು ಹೇಳಿದರು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ, ವಿಡಿಯೋದಲ್ಲಿ ನಾನೊಬ್ಬಳೇ.

“ಸಾರ್, ಇದು ಸುಳ್ಳಲ್ವಾ?” ಅಂದಳು ಒಬ್ಬ ಹುಡುಗಿ.

“ಸುಳ್ಳಲ್ಲಮ್ಮ, ಇದು ಫ್ರೇಮು.”

ಸುಳ್ಳಿಗೆ ಕಟ್ಟು ಹಾಕಿಸಿದರೆ ಫ್ರೇಮಾಗುತ್ತದೆಂದು ನಾನೂ ಕಲಿತೆ.

ವಿಡಿಯೋಗೆ ‘ನಮ್ಮೂರ ರಸ್ತೆಯಲ್ಲಿ ಒಂಟಿ ಅಜ್ಜಿ’ ಎಂದು ಹೆಸರಿಟ್ಟರು. ನಮ್ಮ ಕಡೆ ಒಂಟಿ ಅಂದರೆ ಹಿಂಡು ಬಿಟ್ಟು ಅಲೆಯುವ ಸಲಗ. ಮೊಬೈಲಿನಲ್ಲಿ ಹೆಸರು ಪೂರ್ತಿ ಹಿಡಿಯದೆ ‘ನಮ್ಮೂರ ರಸ್ತೆಯಲ್ಲಿ ಒಂಟಿ’ ಎಂಬಲ್ಲಿಗೇ ತುಂಡಾಗಿತ್ತು. ಒತ್ತಿ ನೋಡಿದವರು ಯಾರೂ ಇಲ್ಲ, ಮುಂದಕ್ಕೆ ಕಳಿಸಿದವರು ಎಲ್ಲರೂ. ಮಧ್ಯಾಹ್ನದೊಳಗೆ ಎಸ್ಟೇಟಿನ ಆಳುಗಳು ಕೆಲಸ ಬಿಟ್ಟು ತಮ್ಮ ಲೈನ್ ಮನೆಗಳಿಗೆ ಓಡಿದರು. ಅರಣ್ಯದವರ ಜೀಪು ಬಂತು. ಹೊಂಗಡಹಳ್ಳದ ನೆಂಟರು ಫೋನ್ ಮಾಡಿ, “ಒಂಟಿ ಇಬ್ಬರನ್ನ ತುಳಿದ್ಬುಟ್ಟೈತಂತೆ, ಹೌದೇನ್ರೀ?” ಎಂದರು. ಯಾರು ಕಂಡರು ಎಂದು ಕೇಳಬೇಕಾದ ಮೇಷ್ಟ್ರೇ ಶಾಲೆಗೆ ಬೇಗ ರಜೆ ಕೊಟ್ಟು ಸ್ಕೂಟರ್ ಹತ್ತಿದ್ದರು. ಕ್ರಾಸಿನವರೆಗೆ ಬರುತ್ತಿದ್ದ ಬಸ್ಸೂ ಒಂದು ಊರು ಹಿಂದೆಯೇ ನಿಂತುಬಿಟ್ಟಿತು.

ಸಂಜೆ, ಸುಳ್ಳಲ್ವಾ ಅಂದಿದ್ದ ಆ ಹುಡುಗಿ ಅಳುತ್ತಾ ಬಂದು ಎಲ್ಲ ಹೇಳಿದಳು. “ಆ ಒಂಟಿ ನೀವೇ ಕಣಜ್ಜಿ. ಇದ್ದ ಬಸ್ಸೂ ಹೋಯ್ತು.”

ಅಳು ಬೇಕಾಗಿದ್ದಾಗ ಇವಳನ್ನೇ ಫ್ರೇಮಿಗೆ ಹಾಕಬಹುದಿತ್ತು. “ಮೂಗ್ ಒರೆಸ್ಕೋ. ಬೆಳಿಗ್ಗೆ ಫೋನ್ ತಗಂಡು ಬಾ. ಮೇಷ್ಟ್ರು ಬ್ಯಾಡ,” ಅಂದೆ.

ಮರುದಿನ ಬೆಳಿಗ್ಗೆ ಸೊಸೆಯ ತಲೆಗೆ ಕುಕ್ಕೆ ಹೊರಿಸಿ, ಹುಡುಗಿಯನ್ನೂ ಕರೆದುಕೊಂಡು ಬಸ್ಸು ನಿಂತಿದ್ದ ಊರಿನವರೆಗೆ ನಡೆದೆ. ಡ್ರೈವರ್ ಕಣ್ಣು ಕಣ್ಣು ಬಿಟ್ಟ.

“ಆ ಕಡೆ ಒಂಟಿ ಐತಲ್ಲಜ್ಜಿ, ಹೆಂಗ್ ಬಂದ್ರಿ?”

“ಆ ಒಂಟಿ ನಾನೇ ಕಣೋ. ದಂತ ಹುಡುಕ್ತೀಯಾ? ಹಲ್ಲೇ ಇಲ್ಲ.”

ಹುಡುಗಿ ವಿಡಿಯೋ ತೋರಿಸಿದಳು. ಅವನು ನಕ್ಕ, ಕಂಡಕ್ಟರ್ ನಕ್ಕ. ನಗಲಿ. ಮುಂದಿನ ಸೀಟಿನಲ್ಲಿ ಕೂತು, ಕುಕ್ಕೆಯನ್ನು ಕಾಲಡಿ ಇಡಿಸಿದೆ. “ಮೊದ್ಲು ಒಂಟೀನ ಅದರ ಊರಿಗೆ ಬುಟ್ಟು ಬಾ, ಸಂತೆ ಆಮೇಲೆ,” ಎಂದು ಹೇಳಿ, ಅವನು ಬಸ್ಸನ್ನು ಮೇಲಕ್ಕೆ ತಿರುಗಿಸುವವರೆಗೂ ಜಾಗ ಬಿಟ್ಟು ಅಲ್ಲಾಡಲಿಲ್ಲ.