ವಾರ್ನಿಶ್ ಹಚ್ಚಿದ ಮುಖ

ಇಂಟರ್ನೆಟ್ ಎನ್ನುವುದು ನಮ್ಮ ಗೋಕಾಕಕ್ಕೆ ಇನ್ನೂ ಮೆಮೊರಿ ಕಾರ್ಡಿನೊಳಗೆ ಕೂತು ಬಸ್ಸಿನಲ್ಲಿ ಬರುತ್ತಿದ್ದ ಕಾಲ ಅದು. ನಮ್ಮ ಓಣಿಗೆ ಅದನ್ನು ತರುತ್ತಿದ್ದವನು ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಕಾಕಾನ ಮಗ ಮಲ್ಲಣ್ಣ. ಶನಿವಾರ ಅವನು ಬಸ್ಸಿಳಿದನೆಂದರೆ ನಾವು ಮೂವರೂ ಚಿನ್ನಿದಾಂಡು ಬಿಸಾಕಿ ಓಡುತ್ತಿದ್ದೆವು.

ಮೂವರೆಂದರೆ ಎಂಟನೆಯ ಇಯತ್ತೆ ಓದುತ್ತಿದ್ದ ನಾನು, ಕಲ್ಲ್ಯಾ ಮತ್ತು ಸಂತ್ಯಾ. ಕಲ್ಲ್ಯಾ ಕುರುಬರ ಮನೆಯವನು, ಡೊಳ್ಳಿನ ಪೈಕಿ; ಊಟಕ್ಕೆ ಕೂತರೂ ತಾಟಿನ ಮೇಲೆ ಅವನ ಬೆರಳು ಆಡುತ್ತಿದ್ದವು. ಸಂತ್ಯಾ ಕಟ್ಟಿಗೆಯ ಬೊಂಬೆಗೆ ಬಣ್ಣ ಹಚ್ಚುವ ಪರಸು ಕಾಕಾನ ಮಗ. ಅವನದು ತೆಳ್ಳಗಿನ ಸ್ವಚ್ಛ ದನಿ. ಪ್ರಾರ್ಥನೆಯಲ್ಲಿ ಅವನು ಎತ್ತಿಕೊಂಡರೆ ಮಾಸ್ತರರು ಗದರುವುದನ್ನೇ ಮರೆಯುತ್ತಿದ್ದರು. ಇನ್ನು ನಾನು, ಸಿದ್ಯಾ. ಹೆಡ್‌ಮಾಸ್ತರರ ಕೆಮ್ಮು, ಕಂಡಕ್ಟರನ ಸೀಟಿ, ನಮ್ಮವ್ವ ಎಮ್ಮೆಯನ್ನೂ ನನ್ನನ್ನೂ ಒಂದೇ ದನಿಯಲ್ಲಿ ಬೈಯುವ ಬಗೆ, ಎಲ್ಲವನ್ನೂ ತೆಗೆದು ತೋರಿಸುತ್ತಿದ್ದೆ. ಎಮ್ಮೆ ಉತ್ತರ ಕೊಡುವ ಬಗೆಯೂ ಬರುತ್ತಿತ್ತು. ಬರದಿದ್ದದ್ದು ಗಣಿತ ಒಂದೇ.

ಆ ಚಳಿಗಾಲ ಮಲ್ಲಣ್ಣನ ಕಾರ್ಡಿನಲ್ಲಿ ಬಂದದ್ದು ಅಮೆರಿಕದ ಒಂದು ರಾಕ್ ಬ್ಯಾಂಡಿನ ಕತೆ. ನಾಲ್ವರು ಗಂಡಸರು. ಸೊಂಟದವರೆಗೆ ಕೂದಲು, ತುಟಿಗೆ ಕೆಂಪು, ಕಣ್ಣಿನ ಸುತ್ತ ಮಿಂಚು, ಉಸಿರಾಡಿದರೆ ಹರಿಯುವಷ್ಟು ಬಿಗಿಯಾದ ಹೊಳೆಯುವ ಚೊಣ್ಣ. ಅಂಗೈಯಗಲದ ಮೊಬೈಲಿಗೆ ನಾಲ್ಕು ತಲೆಗಳನ್ನು ಜೋಡಿಸಿ, ಕಡಲೆ ಬೆಲ್ಲ ಜಗಿಯುತ್ತ, ಅದನ್ನು ಎಷ್ಟು ಸಲ ನೋಡಿದೆವೋ. ಇಂಗ್ಲಿಷ್ ನಮಗೆ ತಿಳಿಯುತ್ತಿರಲಿಲ್ಲ, ಮಲ್ಲಣ್ಣ ಕನ್ನಡಕ್ಕಿಳಿಸುತ್ತಿದ್ದ.

"ನಾಲ್ಕೂ ಮಂದಿ ಒಂದ ಓಣ್ಯಾಗಿನವ್ರು. ಮೊದ್ಲ ಇವ್ರ ಹಾಡ ಕೇಳಾಕ ನಾಯಿ ಸೈತ ಬರ್ತಿರಲಿಲ್ಲ. ಅವ್ವನ ಲಿಪ್‌ಸ್ಟಿಕ್ ಹಚ್ಗೊಂಡ್ರ ನೋಡು, ಜಗಾ ಇವ್ರ ಹಿಂದ ಬಿತ್ತು. ಆಮ್ಯಾಲ ಮುಂದ ಯಾರ ನಿಂದರಬೇಕು ಅಂತ ಜಗಳಾ ಆತು. ಗಿಟಾರಿನಂವ ಬಿಟ್ಟ ಹ್ವಾದ. ಅಲ್ಲಿಗೆ ಮುಗೀತು."

ನಮಗೆ ಹಿಡಿಸಿದ್ದು ನಡುವಿನ ಭಾಗ ಮಾತ್ರ. ಮೂಡಲಗಿಯ ಸಾಲಿಯೊಂದರ ವಾರ್ಷಿಕೋತ್ಸವಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಗ್ಯಾದರಿಂಗಿಗೆ, ನಮ್ಮ ಸಾಲಿಯನ್ನೂ ಕರೆದಿದ್ದರು; ಹೆಸರು ಕೊಟ್ಟುಬಿಟ್ಟೆವು. ಕಲ್ಲ್ಯಾ ಡೊಳ್ಳು. ಸಂತ್ಯಾ ಹಗುರ ಕಟ್ಟಿಗೆಯಲ್ಲಿ ತಾನೇ ಕೆತ್ತಿದ, ತಂತಿಯಿಲ್ಲದ ಗಿಟಾರ್ ಹಿಡಿದು ಹಾಡುವವನು. ನಾನು ಬಾಜೂಕ್ಕೆ, ಅಂದರೆ ಪಕ್ಕದಲ್ಲಿ, ಕುಣಿಯುವವನು. ಬಾಜೂಕ್ಕೆ ಎನ್ನುವುದು ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು.

ಉಳಿದದ್ದು ಬಣ್ಣ. ಸಂತ್ಯಾನ ಮನೆಯಲ್ಲಿ ಎರಡು ಡಬ್ಬಿಗಳಿದ್ದವು. ಒಂದು ಕಟ್ಟಿಗೆಯದು: ಹುಣಸೆಬೀಜದ ಅಂಟು, ಬಣ್ಣ, ಮೇಲೆ ಹೊಳಪಿಗೆ ವಾರ್ನಿಶ್. ಇನ್ನೊಂದು ಮನುಷ್ಯರದು, ಪರಸು ಕಾಕಾ ಸಣ್ಣಾಟದ ಮೇಳಗಳಿಗೆ ಮುಖ ಬರೆಯಲು ಹೋಗುವಾಗ ಒಯ್ಯುತ್ತಿದ್ದದ್ದು. ಮೊದಲು ಕೊಬ್ಬರಿ ಎಣ್ಣೆ ತೀಡದೆ ಯಾರ ಮುಖಕ್ಕೂ ಅವನು ಬಣ್ಣ ಮುಟ್ಟಿಸುತ್ತಿರಲಿಲ್ಲ. ಎರಡು ಡಬ್ಬಿಗಳನ್ನು ಗೋಡೆಯ ಒಂದೇ ಮಾಡದಲ್ಲಿ ಇಡುವ ರೂಢಿಯೂ ಆ ಮನೆಯಲ್ಲಿರಲಿಲ್ಲ.

ಮನುಷ್ಯರ ಡಬ್ಬಿಯ ಬಣ್ಣ ಹಚ್ಚಿ ನೋಡಿದೆವು. ಮಂಕು. ಅಮೆರಿಕದವರ ಮುಖ ಹಿತ್ತಾಳೆ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಕಟ್ಟಿಗೆಯ ಡಬ್ಬಿ ತಾ ಎಂದೆ.

"ಅದನ್ನ ಮೈಗಿ ಮುಟ್ಟಸಬ್ಯಾಡ ಅಂತಾನ ಅಪ್ಪಾ," ಅಂದ ಸಂತ್ಯಾ.

ನಾನು ಕೂಡಲೇ ಪರಸು ಕಾಕಾ ಆದೆ. ಸೊಂಟ ಬಾಗಿಸಿ, ಮೂಗಿನ ತುದಿಗೆ ಇಲ್ಲದ ಚಷ್ಮಾ ಇಳಿಸಿ, "ಬ್ಯಾಡ ತಮ್ಮಾ, ನೀ ಇನ್ನೂ ಹಸಿ ಬೊಂಬಿ ಅದಿ, ಬಿಸಲಿಗಿ ಸೀಳತಿ," ಎಂದೆ. ಕಲ್ಲ್ಯಾ ನಕ್ಕು ನೆಲಕ್ಕುರುಳಿದ. ಸಂತ್ಯಾನ ಕಿವಿ ಕೆಂಪಾದವು. ಗ್ಯಾದರಿಂಗಿನ ದಿನ ಅವನ ಚೀಲದಲ್ಲಿ ಕಟ್ಟಿಗೆಯ ಡಬ್ಬಿ ಇತ್ತು.

ಮೂಡಲಗಿಯ ಆ ಸಾಲಿಯ ಒಂದು ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಬಣ್ಣ ಹಚ್ಚಿದೆವು. ಕಲ್ಲ್ಯಾನ ಹಣೆಗೆ ಒಂದು ಪಟ್ಟಿ, ನನ್ನ ಎರಡು ಗಲ್ಲಕ್ಕೆ ಕೆಂಪು. ಸಂತ್ಯಾನ ಎಡಗಣ್ಣಿನ ಮೇಲೆ, ರೆಪ್ಪೆಯೂ ಸೇರಿ, ಬೊಂಬೆಯ ಗಿಳಿಗೆ ಬರೆಯುವಂಥ ಹಸಿರು ರೆಕ್ಕೆ. ಅದನ್ನು ಬರೆದವನು ನಾನು. ಎಣ್ಣೆ ತೀಡಲಿಲ್ಲ; ಎಣ್ಣೆಯಿದ್ದರೆ ಬಣ್ಣ ಜಾರುತ್ತಿತ್ತು. ಮೇಲೆ ವಾರ್ನಿಶ್ ಎಳೆದೆ, ಒಂದಲ್ಲ, ಎರಡು ಸಲ. ಈಗಲೂ ಹೊಸ ಕಪಾಟು ತೆರೆದಾಗ ಆ ವಾಸನೆ ಮೂಗಿಗೆ ಗಪ್ಪೆಂದು ಹೊಡೆದರೆ ಬಾಗಿಲು ಮುಚ್ಚಿಬಿಡುತ್ತೇನೆ. ಉರಿಯುತ್ತಿದೆ ಎಂದು ಸಂತ್ಯಾ ಹೇಳಿದ. ಹೀರೋಗಳಿಗೆ ಉರಿಯುತ್ತದೆ ಎಂದೆ.

ಮಧ್ಯಾಹ್ನ ಮೂರು ಗಂಟೆ. ಮೇಲೆ ತಗಡಿನ ಚಪ್ಪರ, ಕೆಳಗೆ ಕಿಕ್ಕಿರಿದ ಮಂದಿ. ನಾವು ಕಾಲಿಟ್ಟೊಡನೆ ಸಿಳ್ಳು ಬಿದ್ದವು. ಡೊಳ್ಳು ಶುರುವಾಯಿತು. ಸಂತ್ಯಾ ನಾವೇ ಕಟ್ಟಿದ ಹಾಡಿನ ಮೊದಲ ನುಡಿ ಎತ್ತಿದ, ಚಪ್ಪರ ತಣ್ಣಗಾಯಿತು. ಒಬ್ಬರೂ ನನ್ನ ಕಡೆ ನೋಡುತ್ತಿಲ್ಲ. ನಾನು ಒಂದು ಹೆಜ್ಜೆ ಮುಂದೆ ಬಂದೆ. ಆಮೇಲೆ ಇನ್ನೊಂದು.

ಎರಡನೆಯ ನುಡಿಯ ನಡುವೆ ಹಾಡು ನಿಂತಿತು. ತಿರುಗಿದೆ. ಸಂತ್ಯಾ ಕೈಯನ್ನು ಮುಖದ ಹತ್ತಿರ ಒಯ್ದು, ಮುಟ್ಟಲಾಗದೆ ಬೆರಳು ಸೆಟೆಸಿ, ಎರಡು ಹೆಜ್ಜೆ ತಡವರಿಸಿ ನಡೆದ. ಯಾರೋ ನಕ್ಕರು. ಆ ನಗು ನನಗೆ ಬೇಕಿತ್ತು. ನಾನೂ ಬೆರಳು ಸೆಟೆಸಿ, ಎರಡು ಹೆಜ್ಜೆ ತಡವರಿಸಿದೆ. ಇಡೀ ಚಪ್ಪರ ಹೋ ಎಂದಿತು. ಅವನು ಮೊಣಕಾಲೂರಿದ; ನಾನೂ ಊರಿದೆ, ಅವನಿಗಿಂತ ಚೆಂದಾಗಿ.

ಆಗ ಡೊಳ್ಳು ನಿಂತಿತು. ಕಲ್ಲ್ಯಾನ ಕೈ ತಾನಾಗಿ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಅವನು ನೋಡುತ್ತಿದ್ದ ಕಡೆ ನೋಡಿದೆ. ಸಂತ್ಯಾನ ಎಡಗಣ್ಣು ಮುಚ್ಚಿ ಅಂಟಿತ್ತು. ಒಣಗಿದ ವಾರ್ನಿಶ್ ರೆಪ್ಪೆಯನ್ನು ಗಲ್ಲಕ್ಕೆ ಎಳೆದು ಹಿಡಿದಿತ್ತು. ಗಿಳಿಯ ರೆಕ್ಕೆ ಬಿರುಕು ಬಿಟ್ಟು ಅಂಚಿನಿಂದ ನೀರು ಇಳಿಯುತ್ತಿತ್ತು.

ಮಾಸ್ತರರು ಅವನನ್ನು ಹೊತ್ತುಕೊಂಡೇ ಬಾಜೂದ ದವಾಖಾನೆಗೆ ಓಡಿದರು. ಡಾಕ್ಟರ್ ನೀರು ಬಿಟ್ಟು ನೋಡಿದರು, ಬ್ಯಾಟರಿ ಹಿಡಿದು ನೋಡಿದರು.

"ಕಿತ್ರ ರೆಪ್ಪಿ ಹರೀತೈತಿ. ಒಳಗ ಎಷ್ಟ ಹೋಗೈತಿ ಅನ್ನೂದು ಕಣ್ಣ ತೆರದ ಮ್ಯಾಲ ಗೊತ್ತು," ಎಂದರು. ಹಚ್ಚಿದ್ದು ಏನು ಎಂದು ಕೇಳಿದಾಗ ಕಲ್ಲ್ಯಾ ಹೇಳಿದ. ಪರಸು ಕಾಕಾನಿಗೆ ಫೋನು ಹೋಯಿತು. ಬಣ್ಣ ಕರಗಿಸುವ ಟರ್ಪೆಂಟೈನ್ ಹತ್ತಿರಕ್ಕೂ ತರಬೇಡಿರಿ, ನಾನೇ ಬರುತ್ತೇನೆ ಎಂದನಂತೆ. ಗೋಕಾಕದಿಂದ ಅರಭಾವಿ ಹಾದು ಅವನ ಹಳೆಯ ಗಾಡಿ ಬರಬೇಕು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳ ಸುಗ್ಗಿ ಬೇರೆ.

ಡಾಕ್ಟರ್ ನನ್ನ ಕಡೆ ತಿರುಗಿದರು. "ಇಂವಗ ಅಳಾಕ ಬಿಡಬ್ಯಾಡ, ನಗಾಕೂ ಬಿಡಬ್ಯಾಡ. ಮಾರಿ ಅಳ್ಳಾಡಬಾರ್ದು. ಏನರ ಮಾತಾಡ್ಕೋತ ಕೂಡು."

ಕೂತೆ. ಸಂತ್ಯಾ ನನ್ನ ಕೈ ಹಿಡಿದುಕೊಂಡ. ಬಾಯಿ ತೆರೆದೆ, ಯಾವ ದನಿಯಲ್ಲಿ ಮಾತಾಡಬೇಕೋ ತಿಳಿಯಲಿಲ್ಲ. ಕಂಡಕ್ಟರನ ದನಿ ತೆಗೆದರೆ ಅವನು ನಗುತ್ತಾನೆ, ಹೆಡ್‌ಮಾಸ್ತರರದು ತೆಗೆದರೂ ನಗುತ್ತಾನೆ. ನನ್ನದು ಅಂತ ಒಂದು ದನಿ ಇದ್ದರೆ ಅದನ್ನು ನಾನು ಅಷ್ಟರವರೆಗೆ ಬಳಸಿಯೇ ಇರಲಿಲ್ಲ. ಹೇಗೋ ಅಮೆರಿಕದವರ ಕತೆ ಶುರು ಮಾಡಿದೆ. ಓಣಿ, ನಾಯಿ, ಲಿಪ್‌ಸ್ಟಿಕ್, ಹಿಂದೆ ಬಿದ್ದ ಜಗ. ಮುಂದೆ ಅವರು ನಾಲ್ವರೂ ಕಡೆತನಕ ಕೂಡಿಯೇ ಇದ್ದರು ಎಂದೆ.

ಸಂತ್ಯಾ ತುಟಿ ಅಲುಗಿಸದೆ ಅಂದ, "ಸುಳ್ಳ. ಗಿಟಾರಿನಂವ ಬಿಟ್ಟ ಹ್ವಾದ."

ಅವನೇ ಮತ್ತೆ ಕೇಳಿದ, "ಸಿದ್ಯಾ, ಮಂದಿ ಯಾಕ ನಕ್ರು?"

ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ನುಂಗಿದೆ. "ನಾ ನಿನ್ನಂಗ ಮಾಡಿ ತೋರ್ಸಿದೆ."

ಅವನು ಅಳುವಂತೆಯೂ ಇರಲಿಲ್ಲ ಪಾಪ. ಹಿಡಿದಿದ್ದ ನನ್ನ ಕೈಯನ್ನು ಬಿಟ್ಟು, ತನ್ನ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡ.

ಪರಸು ಕಾಕಾ ಬಂದಾಗ ಅವನ ಅಂಗಿಯೊಳಗೆ ಬಟ್ಟೆ ಸುತ್ತಿದ ಎಣ್ಣೆಯ ಬಾಟಲಿ ಇತ್ತು, ಇನ್ನೂ ಬೆಚ್ಚಗೆ. ಯಾರನ್ನೂ ಬೈಯಲಿಲ್ಲ. ಡಾಕ್ಟರ್ ಬ್ಯಾಟರಿ ಹಿಡಿದರು. ಅವನು ಹೆಬ್ಬೆರಳ ತುದಿಯಿಂದ ಎಣ್ಣೆಯಿಟ್ಟು, ಕಾದು, ಹತ್ತಿಯಿಂದ ಒತ್ತಿ, ಮತ್ತೆ ಎಣ್ಣೆಯಿಟ್ಟ. ಹಳೆಯ ಬೊಂಬೆಯ ಬಣ್ಣ ಬಿಡಿಸುವಾಗ ಅವನು ನಡುವೆ ಕೈ ತೆಗೆದದ್ದನ್ನು ನಾನು ನೋಡಿರಲಿಲ್ಲ. ಅವತ್ತು ಎರಡು ಸಲ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡ. ಗಿಳಿಯ ರೆಕ್ಕೆ ಚೂರುಚೂರಾಗಿ ಹತ್ತಿಗೆ ಬಂತು, ಜೊತೆಗೆ ರೆಪ್ಪೆಯ ಕೂದಲು. ಹೊರಗೆ ಬಿಸಿಲು ಇಳಿಯುತ್ತಿತ್ತು.

"ತೆರಿ, ಅಪ್ಪಾ," ಅಂದ ಪರಸು ಕಾಕಾ.

ಕಣ್ಣು ಒಂದು ಗೆರೆಯಷ್ಟು ಬಿಚ್ಚಿತು. ಒಳಗೆ ಪೂರಾ ಕೆಂಪು. ಡಾಕ್ಟರ್ ಬಲಗಣ್ಣು ಮುಚ್ಚಿ ಬೆರಳೆತ್ತಿದರು. ಎಷ್ಟು ಎಂದರು. ಸಂತ್ಯಾ ಕತ್ತು ಮುಂದೆ ಚಾಚಿ ನೋಡಿದ.

"ಎರಡು," ಅಂದ.

ಪರಸು ಕಾಕಾ ಬಾಟಲಿ ಎತ್ತಿಕೊಂಡು ನನ್ನನ್ನು ಹತ್ತಿರ ಕರೆದು, ಉಳಿದ ಎಣ್ಣೆಯಲ್ಲಿ ನನ್ನ ಗಲ್ಲವನ್ನೂ ಒರೆಸಿದ. ಹೊಡೆದಿದ್ದರೇ ಚಲೋ ಆಗುತ್ತಿತ್ತು.

ಕಣ್ಣು ಉಳಿಯಿತು, ನನಗೆ ಸಂತ್ಯಾ ಉಳಿಯಲಿಲ್ಲ. ಜಗಳವೇನೂ ಆಗಲಿಲ್ಲ. ಅವನು ಬೇರೆ ಬೆಂಚಿಗೆ ಹೋದ. ಒಂಬತ್ತನೆಯದಕ್ಕೆ ಹುಕ್ಕೇರಿಯ ಅತ್ತೆಯ ಮನೆಯಲ್ಲಿದ್ದು ಓದಲು ಹೋದ. ಆ ಅಮೆರಿಕದವರು ಮುದುಕರಾದ ಮೇಲೆ ಟೋಪನ್ ಹಾಕಿಕೊಂಡು ಮತ್ತೆ ಒಂದಾಗಿ ಊರೂರು ತಿರುಗುತ್ತಿದ್ದಾರೆ. ಮೊನ್ನೆ ಮೊಬೈಲಿನಲ್ಲಿ ನೋಡಿದೆ, ಗಿಟಾರಿನವನ ಹೊಟ್ಟೆಯ ಮೇಲೆ ಗಿಟಾರು ಮಲಗಿಕೊಳ್ಳುತ್ತದೆ. ಅವರಿಗೆ ಆದದ್ದು ನಮಗೆ ಆಗಲಿಲ್ಲ.

ನಾನೀಗ ಮಿಮಿಕ್ರಿ ಮಾಡಿಯೇ ಬದುಕುತ್ತೇನೆ. ಹುಕ್ಕೇರಿಯ ಮದುವೆ, ಅರಭಾವಿಯ ಹುಡುಗರ ಫಂಕ್ಷನ್, ಎಲ್ಲಿ ಕರೆದರೂ ಮುಖಕ್ಕೆ ಬಣ್ಣವಿಲ್ಲದೆ ಹೋಗುತ್ತೇನೆ. ಸಂತ್ಯಾ ಗೋಕಾಕಕ್ಕೆ ಮರಳಿ ಬಂದು ಅಪ್ಪನ ಬೊಂಬೆಯ ಕೆಲಸ ನೋಡಿಕೊಳ್ಳುತ್ತಾನೆ. ಎದುರಾದರೆ ತಲೆಯಾಡಿಸುತ್ತಾನೆ, ನಾನೂ ಆಡಿಸುತ್ತೇನೆ. ಕಲ್ಲ್ಯಾನ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಅನ್ನ ಸಾಕೆಂದು ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿದ, ಅಷ್ಟೇ.

ಈ ಮೂರು ತಾಲೂಕಿನಲ್ಲಿ ನಾನು ತೆಗೆಯದ ದನಿಯಿಲ್ಲ ಎಂದು ಮಂದಿ ಹೇಳುತ್ತಾರೆ. ಮಂದಿಗೇನು ಗೊತ್ತು. ಸಂತ್ಯಾನದೆಂದು ನನ್ನ ಬಳಿ ಇರುವುದು ಹದಿಮೂರರ ಆ ತೆಳ್ಳಗಿನ ದನಿ ಮಾತ್ರ. ಅದು ಒಡೆದು, ಇಷ್ಟು ಹೊತ್ತಿಗೆ ಗಂಡಸಿನ ದನಿಯಾಗಿರಬೇಕು. ಹೇಗಿದೆಯೋ, ನಾನು ಕೇಳಿಲ್ಲ.